ದಂಡಿನ ಅಕ್ಕಿ

ಸಭೆಯ ಅಧ್ಯಕ್ಷರೇ, ವೇದಿಕೆಯ ಮೇಲಿರುವ ಹಿರಿಯರೇ, ನನಗೆ ಅಕ್ಷರ ತಿದ್ದಿಸಿದ ಗುರುವಪ್ಪ ಮೇಷ್ಟ್ರೇ, ನಾಪೋಕ್ಲಿನ ನನ್ನ ಸಭಿಕ ಬಂಧುಗಳೇ,

ಇತಿಹಾಸದ ಆನರ್ಸ್ ಪಾಸು ಮಾಡಿದೆನೆಂದು ನಾನು ಓದಿದ ಶಾಲೆಯೇ ನನಗೆ ಶಾಲು ಹೊದಿಸಿದೆ. ಈ ಯಮುನಳಿಗೆ ಇದಕ್ಕಿಂತ ದೊಡ್ಡ ಮರ್ಯಾದೆ ಯಾವುದಿದೆ? ಆದರೆ ಹೆಡ್ಮಾಸ್ಟರು ಈಗಷ್ಟೇ ನನ್ನನ್ನು ‘ಒಂದೇ ಪ್ರಶ್ನೆಯಿಂದ ಪ್ರೊಫೆಸರರ ಮನಸ್ಸು ಗೆದ್ದವಳು’ ಎಂದರು. ನೀವು ಚಪ್ಪಾಳೆ ತಟ್ಟಿದಿರಿ, ನಾನು ತಲೆ ತಗ್ಗಿಸಿದೆ. ಅದು ವಿನಯ ಎಂದು ದಯವಿಟ್ಟು ತಿಳಿಯಬೇಡಿ.

ನಮ್ಮ ಕೊಡಗು ರಾಜ್ಯಕ್ಕೆ ಮೊದಲ ಚುನಾವಣೆ ನಡೆದ ವರ್ಷದ ಬೇಸಿಗೆ ಅದು. ಮೈಸೂರಿನ ಕಾಲೇಜಿನಿಂದ ಕಾಗದ ಬಂತು. ನಾಲ್ಕು ಪುಸ್ತಕ ಓದಿ ಟಿಪ್ಪಣಿ ಮಾಡಿಕೊಂಡು ಬರಬೇಕು, ಅದನ್ನು ನೋಡಿದ ಮೇಲೆಯೇ ಸೀಟು. ಸೀಟು ಸಿಗದಿದ್ದರೆ ಓದು ಅಲ್ಲಿಗೆ ಸಾಕು ಎಂದಿದ್ದರು ಅಪ್ಪ. ಅಮ್ಮತ್ತಿಯ ಕಡೆಯಿಂದ ಸಂಬಂಧವೊಂದು ಆಗಲೇ ಬಂದು ಕಾಫಿ ಕುಡಿದು ಹೋಗಿತ್ತು.

ನಾಲ್ಕೂ ಪುಸ್ತಕ ಗುರುವಪ್ಪ ಮೇಷ್ಟ್ರ ಬೀರುವಿನಲ್ಲಿದ್ದವು. ಕೊಟ್ಟರು, ಒಂದಕ್ಕೆ ಒಂದೊಂದು ವಾರದಂತೆ. ಟಿಪ್ಪಣಿ ಎಂದರೇನು ಎಂದು ನಾನು ಕೇಳಲಿಲ್ಲ. ಕೇಳಿದರೆ ದಡ್ಡಿ ಎಂದಾರು ಎಂಬ ಭಯ. ಅಕ್ಷರ ಬಿಡದೆ ಇಳಿಸಿಕೊಂಡೆ. ಪುಟದ ಅಂಚಿನಲ್ಲಿ ಯಾರೋ ಬರೆದಿದ್ದ ‘ಸೀಗೇಕಾಯಿ ತರಬೇಕು’ ಎಂಬುದನ್ನೂ ಇಂಗ್ಲಿಷಿನ ನಡುವೆ ಭಕ್ತಿಯಿಂದ ಇಳಿಸಿಕೊಂಡೆ. ಮೇಷ್ಟ್ರೇ, ನಗಬೇಡಿ, ಅದು ನಿಮ್ಮದೇ ಕೈಬರಹ.

ನಾನು ಬರೆಯುತ್ತಿದ್ದುದು ಅಂಗಳದ ಬದಿಯಲ್ಲಿ. ಅಂಗಳದ ತುಂಬ ನಮ್ಮ ಅಜ್ಜಿ ತಂಗಮ್ಮ ಬೇಯಿಸಿ ಹರವಿದ ಭತ್ತ. ಮಳೆ ಹಿಡಿಯುವ ಮೊದಲು ಮನೆಮಂದಿಗೆಲ್ಲ ಮಳೆಗಾಲದ ಅಕ್ಕಿ ಆಗಬೇಕಲ್ಲ? ಕಾಲಿನಿಂದ ಭತ್ತ ಹರಗುತ್ತಾ ಅಜ್ಜಿ ಕೇಳುತ್ತಿದ್ದರು: ‘ಗೂಡೆ, ಪುಸ್ತಕಲಿ ಎಂತ ಉಟ್ಟು? ನಂಗೂ ಹೇಳ್.’

ಪುಸ್ತಕದಲ್ಲಿ ಇದ್ದದ್ದನ್ನು ಹೇಳುತ್ತಿದ್ದೆ. ಒಂದು ದಿನ, ಯಾವುದೋ ರಾಜನ ದಂಡು ಮಳೆಗಾಲದಲ್ಲಿ ಘಟ್ಟ ಹತ್ತಿದ ಕಥೆ ಹೇಳಿದೆ. ಅಜ್ಜಿಯ ಕಾಲು ನಿಂತಿತು.

‘ಮಳೆಲಿ ಅಷ್ಟ್ ಜನಕ್ಕೆ ಅಕ್ಕಿ ಎಲ್ಲಿಂದ ಬಾತ್?’

ಅಕ್ಕಿ ಎಲ್ಲಿಂದ ಬಂತೆಂದು ಪುಸ್ತಕದಲ್ಲಿ ಹುಡುಕಿದೆ. ರಾಜನ ಕುದುರೆಯ ಬಣ್ಣ ಇತ್ತು, ಅಕ್ಕಿ ಇರಲಿಲ್ಲ.

ಜೂನಿನಲ್ಲಿ, ಮೈಸೂರಿನಲ್ಲಿ, ಪ್ರೊಫೆಸರರು ನನ್ನ ಆರು ನೋಟುಪುಸ್ತಕ ತಿರುವಿದರು. ‘ಈ ಸೀಗೇಕಾಯಿ ಯಾವ ರಾಜವಂಶದ್ದಮ್ಮಾ?’ ಎಂದರು. ನೋಟುಪುಸ್ತಕಗಳನ್ನು ಮುಚ್ಚಿ ನನ್ನ ಕಡೆ ತಳ್ಳಿದರು. ‘ಇವನ್ನೆಲ್ಲ ನಾನು ಪುಸ್ತಕದಲ್ಲೇ ಓದಿದ್ದೇನೆ. ನಿನ್ನದು ಏನಾದರೂ ಇದೆಯೇ?’

ಅಮ್ಮತ್ತಿಯ ಸಂಬಂಧ ಕಣ್ಣೆದುರು ಬಂತು. ಬಾಯಿಗೆ ಬಂದದ್ದು ಅಕ್ಕಿಯ ಪ್ರಶ್ನೆ. ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು.

‘ಇದು ನಿನಗೇ ಹೊಳೆಯಿತೇ?’

‘ಹೌದು ಸರ್’ ಎಂದೆ.

ಸಭಿಕರೇ, ಆ ಎರಡು ಮಾತಿಗೆ ನನಗೆ ಸೀಟು ಸಿಕ್ಕಿತು. ಮೂರು ವರ್ಷ ತರಗತಿಯಲ್ಲಿ ಆ ಪ್ರಶ್ನೆಯ ಹೆಸರು ‘ಯಮುನಳ ಪ್ರಶ್ನೆ’. ರಜೆಗೆ ಬಂದಾಗಲೆಲ್ಲ ಅಜ್ಜಿ ಬಡಿಸಿದ ಅನ್ನ ಉಂಡೆ, ಅವರಿಗೆ ಹೇಳಲಿಲ್ಲ. ಪ್ರೊಫೆಸರರಿಗೆ ಕಳೆದ ತಿಂಗಳು ಕಾಗದ ಬರೆದು ತಪ್ಪೊಪ್ಪಿಕೊಂಡೆ. ಅವರ ಉತ್ತರ ಒಂದೇ ಸಾಲು: ‘ಆ ಮಾತನ್ನು ನಿನ್ನಜ್ಜಿಯೆದುರು ಹೇಳಿದೆಯಾ?’

ಎರಡನೆಯ ಸಾಲಿನ ಕೊನೆಯಲ್ಲಿ, ಕಿಟಕಿಯ ಪಕ್ಕ ಕುಳಿತವರೇ ತಂಗಮ್ಮ. ಓದು ಬಾರದವರು. ಈ ಶಾಲು ಸಲ್ಲಬೇಕಾದದ್ದು ಅವರಿಗೆ, ಇಳಿದು ಹೋಗಿ ಹೊದಿಸುತ್ತೇನೆ. ಅದಕ್ಕೆ ಮೊದಲು ಅವರಿಗೊಂದು ಉತ್ತರ ಕೊಡುವುದಿದೆ. ಕೊನೆಯ ವರ್ಷ ಹಳೆಯ ಕಾಗದಪತ್ರಗಳಲ್ಲಿ ಹುಡುಕಿ ತೆಗೆದೆ. ಆ ದಂಡು ದಾರಿಯ ಊರುಗಳ ಅಕ್ಕಿ ತುಂಬಿದ ಪತ್ತಾಯ ಬರಿದು ಮಾಡುತ್ತಾ ಹೋಯಿತು. ಮಳೆಗಾಲಕ್ಕೆಂದು ಹೆಂಗಸರು ಕೂಡಿಟ್ಟ ಅಕ್ಕಿ ಅದು.

ಅಜ್ಜೀ, ಅಕ್ಕಿ ನಿಮ್ಮಂಥವರ ಮನೆಂದ ಬಾತ್. ಪ್ರಶ್ನೆಯೂ ಅಲ್ಲಿಂದಲೇ ಬಾತ್.

ಪುಸ್ತಕ ಕೊಟ್ಟ ಮೇಷ್ಟ್ರಿಗೆ, ಮೂರು ವರ್ಷ ಕಾದ ಅಪ್ಪನಿಗೆ, ಇಷ್ಟು ಹೊತ್ತು ಸಹಿಸಿದ ನಿಮಗೆ ಋಣಿ. ಚಪ್ಪಾಳೆ ಉಳಿದಿದ್ದರೆ ಕಿಟಕಿಯ ಕಡೆ ತಿರುಗಿ ತಟ್ಟಿ. ನಮಸ್ಕಾರ.