ಹೊಲಿದಿಟ್ಟ ಕೊನೆಯ ಅಧ್ಯಾಯ

ಕಣ್ಣಾಸ್ಪತ್ರೆಯ ಬೆಂಚಿನ ಮೇಲೆ, ಕಣ್ಣಿಗೆ ಹನಿ ಹಾಕಿಸಿಕೊಂಡು ಕೂತಿದ್ದ ಬಸ್ ಡ್ರೈವರನಿಗೆ ಎದುರಿನ ಗೋಡೆಯೂ ಮಂಜುಮಂಜು. ಕಣ್ಣಿನ ಕೆಲಸವನ್ನೂ ಕಿವಿಯೇ ವಹಿಸಿಕೊಂಡಿತ್ತು. ಪಕ್ಕದಲ್ಲಿ ಅಕ್ಕ ತಂಗಿ ಮಾತಾಡುತ್ತಿದ್ದರು.

“ಆಪರೇಷನ್ನಿಗೆ ಬರುವಾಗಲೂ ಪತ್ತೇದಾರಿ ಕಾದಂಬರಿ ಬೇಕಿತ್ತಾ ಅಕ್ಕ?”

“ಒಬ್ಬರೇ ಬರೆದಿರೋ ನಲವತ್ತೊಂದು ಪುಸ್ತಕ. ಅಷ್ಟೂ ಓದ್ತೀನಿ ಅಂದಾಗ ನಿನ್ನ ಭಾವ ನಕ್ಕಿದ್ರು. ಇದು ಕೊನೇದು.”

“ಕೊನೇ ಹಾಳೆಗಳನ್ನ ಯಾಕೆ ಹೊಲಿದಿದ್ದೀಯ?”

“ಟೈಲರ್ ಅಲ್ವಾ ನಾನು. ಎಲ್ಲದಕ್ಕೂ ಕಚ್ಚಾ ಹೊಲಿಗೆ ಹಾಕಿದ್ದೆ. ಕೊಲೆಗಾರ ಯಾರು ಅಂತ ಚೀಟೀಲಿ ಬರೆದಿಟ್ಟ ಮೇಲೇನೇ ಬಿಚ್ಚೋದು.”

“ಎಷ್ಟು ಸರಿಯಾಯ್ತು?”

“ಮೊದಲ ಹತ್ತರಲ್ಲಿ ಒಂದೂ ಇಲ್ಲ. ಈಚಿನ ಹತ್ತರಲ್ಲಿ ಒಂಬತ್ತು.”

ದನಿಯಲ್ಲಿ ಜಂಬವಿತ್ತು, ಅದನ್ನು ಮುಚ್ಚಿಡುವ ಆಸೆ ಇರಲಿಲ್ಲ.

“ಇದಕ್ಕೂ ಚೀಟಿ ಬರೆದಾಯ್ತಲ್ಲ. ನಾನೇ ಬಿಚ್ಚಿ ಓದಿ ಹೇಳ್ಲಾ?”

“ಮುಟ್ಟಿದ್ರೆ ನೋಡು. ಪೊರೆ ತೆಗೆದ ಕಣ್ಣಲ್ಲಿ ನಾನೇ ಓದಬೇಕು.”

ನರ್ಸ್ ಕರೆದಳು. ಅಕ್ಕ ಪುಸ್ತಕವನ್ನು ತಂಗಿಯ ಕೈಗಿಟ್ಟಳು, ಹೊಲಿಗೆ ಬಿಚ್ಚುವ ಪುಟ್ಟ ಕತ್ತರಿಯನ್ನು ಮಾತ್ರ ಬಿಡಲಿಲ್ಲ.

“ಕತ್ತರಿ ಒಳಗೆ ತರೋ ಹಾಗಿಲ್ಲಮ್ಮ.”

“ತಾ ಅಕ್ಕ, ನನ್ನ ಹತ್ರ ಇರ್ಲಿ.”

“ನಿನ್ನ ಹತ್ರಾನಾ? ಆಸೆ ನೋಡು.”

ಡ್ರೈವರನ ಅಂಗೈ ಮೇಲೆ ಏನೋ ತಣ್ಣಗೆ ಬಂದು ಕೂತಿತು.

“ಇದೊಂದು ಇಟ್ಕೊಂಡಿರಿ ಅಣ್ಣ. ನಾನು ಬರೋವರೆಗೂ ಇವಳು ಎಷ್ಟೇ ಕೇಳಿದ್ರೂ ಕೊಡಬೇಡಿ.”

ನರ್ಸಿನದೂ ಅಕ್ಕನದೂ ಎರಡು ಜೊತೆ ಚಪ್ಪಲಿಯ ಸದ್ದು ಒಳಬಾಗಿಲಿನತ್ತ ಸರಿಯಿತು; ತಂಗಿ ಬೆಂಚಿನಲ್ಲೇ ಉಳಿದಳು. ಡ್ರೈವರ್ ಕತ್ತರಿಯನ್ನು ಜೇಬಿಗೆ ಹಾಕಿ, ಜೇಬಿನ ಮೇಲೆ ಕೈಯಿಟ್ಟು, ಬೆನ್ನು ನೆಟ್ಟಗೆ ಮಾಡಿ ಕೂತ.