ಹದಿನೇಳನೆಯ ಕೂಡಿನ ಗೆರೆ

ಸತ್ಯದ ಕಾವಲುಗಾರರೂ, ದಫ್ತರಗಳ ದೊರೆಗಳೂ, ಸಾಕ್ಷಿಗೂ ಕುರ್ಚಿ ಕೊಟ್ಟ ಕರುಣಾಳುಗಳೂ ಆದ ಠಾಣಾಧಿಕಾರಿಗಳ ಸನ್ನಿಧಾನಕ್ಕೆ.

ನನ್ನ ಹೆಸರನ್ನು ಗುರುತಿನ ಚೀಟಿ ನೋಡಿ ಬರೆದುಕೊಳ್ಳಲಾಗಿದೆ. ಕೆಲಸದಲ್ಲಿ ಎಲ್ಲರೂ ಕರೆಯುವುದು ತರಲೆ ಎಂದು. ವಯಸ್ಸು ಇಪ್ಪತ್ತೆರಡು. ಸೇನೆಯ ಗಾಡಿಗಳು ಕೆಸರಿನಲ್ಲಿ ಹೂತುಹೋಗದಂತೆ ಲೋಹದ ಹಲಗೆ ಹಾಸಿ, ಅವು ದಾಟಿದ ಮೇಲೆ ಕಿತ್ತೊಯ್ಯುವ ಕೆಲಸ. ವಾಸ ಡಿಪೋ ಹಿಂದಿನ ಎರಡನೇ ತಗಡಿನ ಶೆಡ್ಡು, ಸೋದರಮಾವನ ಜೊತೆ. ಮಾವನೇ ನಮ್ಮ ಮೇಸ್ತ್ರಿ. ಕೇಳಿದ್ದಕ್ಕೆ ಅರಿಕೆ ಮಾಡಿಕೊಳ್ಳುವುದೇನೆಂದರೆ:

ನಿನ್ನೆ ಬೆಳಿಗ್ಗೆ 7.30ಕ್ಕೆ ಅರವತ್ತು ಮೀಟರ್ ಜೌಗಿನ ಮೇಲೆ ನಲವತ್ತು ಹಲಗೆ ಹಾಸತೊಡಗಿದೆವು. ಎರಡು ಹಲಗೆ ಕೂಡುವಲ್ಲಿ ಮಾವ ಕಬ್ಬಿಣದ ಕೀಲು ಹೊಡೆದು, ಪಕ್ಕದಲ್ಲಿ ಸೀಮೆಸುಣ್ಣದ ಗೆರೆ ಎಳೆಯುತ್ತಾರೆ. ಕೀಲಿನ ತಲೆ ಕೆಸರು ಮೆತ್ತಿ ಕಾಣುವುದಿಲ್ಲ. ಗೆರೆ ಇದ್ದರೆ ಕೀಲು ಇದೆ ಎಂದೇ ಲೆಕ್ಕ. 8.10ಕ್ಕೆ ಮಾವ ನೀರು ಕುಡಿಯಲು ಹೋದರು. 8.16ಕ್ಕೆ ಬಂದು, ಕೊನೆಯ ಗೆರೆ ನೋಡಿ, ಅದರ ಮುಂದಿನಿಂದ ಹೊಡೆದರು.

8.35ಕ್ಕೆ ಇಬ್ಬರೂ ಆಚೆ ದಡ ಮುಟ್ಟಿದೆವು. ಕೂಡಿಗೊಂದರಂತೆ ಉಗ್ರಾಣದಿಂದ ಎಣಿಸಿ ಕೊಟ್ಟದ್ದರಲ್ಲಿ ಒಂದು ಕೀಲು ಉಳಿಯಿತು. ಉಗ್ರಾಣದವನಿಗೆ ಎಣಿಸೋಕೂ ಬರಲ್ಲ ಅಂತ ಮಾವ ಬೈದರು. ಅವರು ಒಮ್ಮೆ ಹಿಂದಕ್ಕೆ ನಡೆದು ನೋಡಿದ ಮೇಲೆಯೇ ಗಾಡಿ ಬಿಡುವುದು ವಾಡಿಕೆ. ನಿನ್ನೆ ಮಾವ ಹಿಂದಕ್ಕೆ ಹೊರಡುವ ಮೊದಲೇ, 8.37ಕ್ಕೇ, ಈಚೆ ದಡದಲ್ಲಿದ್ದ ಸೇನೆಯವರು ಗಾಡಿ ಬಿಡಲು ಸೀಟಿ ಊದಿದರು.

ಮೊದಲು ಬಂದ ಸೇನೆಯ ಲಾರಿ ಓಡಿಸುತ್ತಿದ್ದದ್ದು ಉದ್ದಣ್ಣ. ಊಟದ ಹೊತ್ತಿನಲ್ಲಿ ನನ್ನ ಚಪ್ಪಲಿ ಬಚ್ಚಿಡುತ್ತಿದ್ದವನು ಅವನೊಬ್ಬನೇ. ನಾನು ಎರಡೂ ಕೈ ಎತ್ತಿ ನಿಲ್ಲಿಸು ಎಂದು ಕೂಗಿದೆ. ಯಾವಾಗ್ಲೂ ನಿಂದು ಮಂಗನಾಟ, ಸುಮ್ನಿರೋ ಅಂತ ಮಾವ ಗದರಿದರು. ಉದ್ದಣ್ಣ ನಕ್ಕು, ಎರಡು ಸಲ ಹಾರ್ನ್ ಹೊಡೆದು ಉತ್ತರ ಕೊಟ್ಟ.

ಹದಿನೇಳನೆಯ ಕೂಡು ಬಾಯಿಬಿಟ್ಟಿತು. ಲಾರಿ ಎಡಕ್ಕೆ ಮಗುಚಿತು. ಅವನನ್ನು ಹೊರಗೆಳೆದಾಗ 9.05, ಉಸಿರಿರಲಿಲ್ಲ. ಒಂದು ಕಾಲಿನ ಬೂಟು ಇನ್ನೂ ಸಿಕ್ಕಿಲ್ಲ.

ಕೀಲು ಹೊಡೆಯದೆ ಗೆರೆ ಎಳೆದುಬಿಟ್ಟೆ, ನನ್ನ ಕಣ್ಣು ಹೋಗಿದೆ, ನನ್ನನ್ನೇ ಒಳಗೆ ಹಾಕಿ ಅಂತ ಮಾವ ನಿಮ್ಮ ಮುಂದೆ ಅತ್ತರಂತೆ. ರಾತ್ರಿಯಿಂದ ಅನ್ನ ಮುಟ್ಟಿಲ್ಲ.

ಮೇಲಿನದನ್ನು ಓದಿಸಿ ಕೇಳಿದ್ದೇನೆ, ಒಂದಕ್ಷರವೂ ಸುಳ್ಳಲ್ಲ. ಬಿಟ್ಟಿರುವುದು ಒಂದಿದೆ. ಮಾವ ಎಡಚರು, ಅವರ ಗೆರೆಗಳೆಲ್ಲ ಎಡಕ್ಕೆ ವಾಲುತ್ತವೆ. ಹದಿನೇಳನೆಯದು ಬಲಕ್ಕೆ ವಾಲಿದೆ. ಅವರು ನೀರಿಗೆ ಹೋದಾಗ ಅದನ್ನು ಎಳೆದವನು ನಾನು. ಕೀಲು ಉಳಿದು ಮಾವ ತಲೆ ಕೆರೆದುಕೊಳ್ಳಲಿ, ಎರಡು ನಿಮಿಷ ನಕ್ಕು ಆಮೇಲೆ ಹೇಳೋಣ ಎಂದಿದ್ದೆ.

ಠಾಣೆ, ಮಂಗಳವಾರ, ಮಧ್ಯಾಹ್ನ 3.20.
ಕೆಳಗಿನ ಸಹಿ ಬಲಗೈಯದು.