ಪಿನ್ ಹೊಡೆದ ಪಾಠ

ತರಬೇತಿ ಮುಗಿಸಿ ಬಂದ ಇಬ್ಬರು ಟೀಚರುಗಳಿಗೆ ಬಸ್ ನಿಲ್ದಾಣದ ಬೆಂಚಿನಲ್ಲಿ ಬಟ್ಟೆ ಹೊಲಿಯುವ ಹೆಂಗಸು ಸರಿದು ಜಾಗ ಕೊಟ್ಟಳು. ಕಿವಿಯನ್ನು ಮಾತ್ರ ಸರಿಸಲಿಲ್ಲ.

“ನೋಡಿ ಅಕ್ಕಾ, ಮೈ ಬಗ್ಗೆ ಇರೋ ಪಾಠಕ್ಕೇ ಹಾಳೆ ತೆರೆಯದ ಹಾಗೆ ಪಿನ್ ಹೊಡೆದು ಕೊಟ್ಟಿದಾರೆ!” ಕಿರಿಯವಳು ಪುಸ್ತಕ ಎತ್ತಿ ತೋರಿಸಿದಳು.

“ಮೆತ್ತಗೆ ಮಾತಾಡೇ, ಜನ ಇದಾರೆ.”

“ಇರ್ಲಿ! ಇದನ್ನ ಕಲಿಸ್ತೀವಿ ಅಂತಲೇ ಕರೆದು, ‘ಮನೇಲಿ ಓದ್ಕೊಳ್ಳಿ’ ಅಂದ್ರಲ್ಲ! ಮನೆಯವರೇ ಮೈ ಮುಟ್ತಾರೆ ಅಂತ ಮಗು ಹೇಳಿದ್ರೆ ಏನ್ಮಾಡ್ಬೇಕು ಅಂತ ಕೇಳಿದೆ. ಗ್ರೂಪ್ ಫೋಟೋಗೆ ಹೊತ್ತಾಯ್ತು ಅಂದ್ರು.”

“ಎಲ್ಲರ ಎದುರು ಅದನ್ನೆಲ್ಲ ಕೇಳ್ತಾರೇನೇ? ನಮ್ಮ ಮರ್ಯಾದೆ?”

“ಬೆಂಕಿ ಹಾಕಿ ಆ ಮರ್ಯಾದೆಗೆ! ಏಳನೇ ಕ್ಲಾಸಿನ ಹುಡುಗಿ ಮೊನ್ನೆ ಬಂದು ನನಗೆ ಇದನ್ನೇ ಹೇಳಿದ್ಲು ಅಕ್ಕಾ.”

“ನೀನೇನಂದೆ?”

“ತರಬೇತಿ ಮುಗಿಸ್ಕೊಂಡು ಬಂದು ಮಾತಾಡ್ತೀನಿ ಪುಟ್ಟಾ, ಅಂದೆ.”

ಹೊಲಿಯುವವಳು ಚೀಲದಿಂದ ಕತ್ತರಿ ತೆಗೆದು ಚಾಚಿದಳು. ಹಿರಿಯವಳು ಅದರ ತುದಿಯಿಂದ ಪಿನ್ ಮೀಟಿ ತೆಗೆದು ಮೊದಲ ಸಾಲು ಓದಿದಳು: “ಮಗು ಬಂದು ಹೇಳಿದ್ದನ್ನು ನಾಳೆಗೆ ಇಡಬೇಡಿ.”

ಬಸ್ ಬಂತು.

“ಏಳೇ,” ಎಂದಳು ಹಿರಿಯವಳು. “ಸ್ಕೂಲು ಬಿಡೋಕೆ ಇನ್ನೂ ಅರ್ಧ ಗಂಟೆ ಇದೆ.”

ಕತ್ತರಿಯೂ ಅವರ ಜೊತೆಗೇ ಬಸ್ ಹತ್ತಿತು. ಹೊಲಿಯುವವಳು ವಾಪಸ್ ಕೇಳಲಿಲ್ಲ.